ಕೊಟ್ಟಿಗೆಯ ಪೈಪು ಸೋರುತ್ತಿದೆಯೇ? ನೀವೇ ಸರಿಪಡಿಸಬಹುದೋ, ಪ್ಲಂಬರ್ ಬೇಕೋ?



ಕೊಟ್ಟಿಗೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ‘ನಾಳೆ ನೋಡೋಣ’ ಎಂದು ಬಿಡುವವರೇ ಹೆಚ್ಚು. ಸೆಕೆಂಡಿಗೆ ಒಂದೇ ಹನಿ ಬಿದ್ದರೂ ದಿನಕ್ಕೆ ಸುಮಾರು 20 ಲೀಟರ್ ನೀರು ಪೋಲಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಒದ್ದೆ ನೆಲದಿಂದ. ಹಾಲು ಕರೆದ ಮೇಲೆ ಅರ್ಧ ಗಂಟೆಯಾದರೂ ಮೊಲೆತೊಟ್ಟಿನ ರಂಧ್ರ ತೆರೆದಿರುತ್ತದೆ. ಆಗ ಹಸು ಒದ್ದೆ ನೆಲದಲ್ಲಿ ಮಲಗಿದರೆ ರೋಗಾಣು ಒಳಸೇರಿ ಕೆಚ್ಚಲು ಬಾವು ಬರಬಹುದು. ಗೊರಸೂ ಮೆತ್ತಗಾಗಿ ಹುಣ್ಣಾಗುತ್ತದೆ.

ಮೊದಲು ಪೈಪನ್ನು ಒಣ ಬಟ್ಟೆಯಿಂದ ಒರೆಸಿ, ನೀರು ಎಲ್ಲಿಂದ ಬರುತ್ತಿದೆ ನೋಡಿ. ಗೇಟ್‌ವಾಲ್ವ್ ಮುಚ್ಚಿದರೆ ಸೋರಿಕೆ ನಿಲ್ಲುತ್ತದೆಯೇ? ಸೋರುವ ಜಾಗ ಕಣ್ಣಿಗೆ ಕಾಣುತ್ತದೆಯೇ? ಎರಡಕ್ಕೂ ಹೌದು ಎಂದಾದರೆ, ಸಾಮಾನ್ಯವಾಗಿ ನೀವೇ ಮಾಡಬಹುದು.

ನೀವೇ ಮಾಡಬಹುದಾದ ಕೆಲಸ:

• ತಿರುಗಿಸುವ ನಲ್ಲಿ ಮುಚ್ಚಿದರೂ ತೊಟ್ಟಿಕ್ಕಿದರೆ ವಾಷರ್ ಸವೆದಿರುತ್ತದೆ. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ.

• ನಲ್ಲಿಯ ಬುಡದಲ್ಲಿ ಸೋರಿದರೆ ಬಿಚ್ಚಿ, ಮರೆಯನ್ನು ಒರೆಸಿ, ಮರೆ ತಿರುಗುವ ದಿಕ್ಕಿಗೇ ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿ.

• ಪಿವಿಸಿ ಪೈಪು ಸೀಳಿದ್ದರೆ ಆ ಭಾಗ ಕತ್ತರಿಸಿ, ಹೊಸ ತುಂಡನ್ನು ಎರಡು ಕಪ್ಲಿಂಗ್ ಹಾಕಿ ಸಲ್ಯೂಷನ್‌ನಿಂದ ಅಂಟಿಸಿ. ಅಂಟಿಸುವ ಜಾಗ ಪೂರ್ತಿ ಒಣಗಿರಬೇಕು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನೀರು ಬಿಡಬೇಡಿ. ಸಲ್ಯೂಷನ್ ಬೇಗ ಬೆಂಕಿ ಹಿಡಿಯುತ್ತದೆ. ಒಲೆ, ಬೀಡಿಯಿಂದ ದೂರವಿಡಿ.

ಪ್ಲಂಬರನ್ನು ಕರೆಯಬೇಕಾದಾಗ:

• ಸೋರಿಕೆ ಗೋಡೆಯೊಳಗೆ ಅಥವಾ ನೆಲದಡಿ ಇದ್ದರೆ.

• ತುಕ್ಕು ಹಿಡಿದ ಕಬ್ಬಿಣದ ಪೈಪಾದರೆ. ಒಂದು ಕಡೆ ಬಿಚ್ಚಲು ಹೋದರೆ ಇನ್ನೊಂದು ಕಡೆ ಒಡೆಯುತ್ತದೆ.

• ಟ್ಯಾಂಕಿನ ತಳದಲ್ಲಿ ಸೋರಿದರೆ.

• ನೀವು ಸರಿಪಡಿಸಿದ ಜಾಗವೇ ಮತ್ತೆ ಸೋರಿದರೆ.

ಮೋಟಾರಿನ ಹತ್ತಿರ ಸೋರಿದರೆ ಮಾತ್ರ ಕೈ ಹಾಕಲೇಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ, ಕೆಲಸ ಬಲ್ಲವರನ್ನೇ ಕರೆಸಿ.

ಕೂಲಿ ಎಷ್ಟು, ಸಾಮಾನು ಯಾರು ತರಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಅಕ್ಕಪಕ್ಕದ ಮನೆಯಲ್ಲೂ ಕೆಲಸವಿದ್ದರೆ ಒಂದೇ ದಿನ ಕರೆಸಿ. ಓಡಾಟದ ಖರ್ಚು ಹಂಚಿಹೋಗುತ್ತದೆ.

ಪ್ಲಂಬರ್ ಬರುವವರೆಗೆ ಸೋರುವ ಪೈಪಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಬಿಗಿಯಾಗಿ ಸುತ್ತಿ. ಹಸುವನ್ನು ಒಣ ಜಾಗದಲ್ಲಿ ಕಟ್ಟಿ. ಹಾಲು ಕರೆದ ಕೂಡಲೇ ಮೇವು ಹಾಕಿ, ಅದು ನಿಂತೇ ತಿನ್ನಲಿ.

ಹನಿ ಹನಿ ಕೂಡಿದರೆ ಹಳ್ಳ. ಆ ಹಳ್ಳ ನಮ್ಮ ಕೊಟ್ಟಿಗೆಯಲ್ಲಿ ಆಗುವುದು ಬೇಡ.