ಮೊಂಡು ಹಿಡಿದ ಚುಕ್ಕಾಣಿ

ಹಳೆಯ ಕಾರೊಂದನ್ನು ಮನೆಯ ಹಿರಿಯರಂತೆ ಉಳಿಸಿಕೊಂಡು ಬಂದ ಸಂಸಾರಗಳು ನಮ್ಮ ನಗರಗಳಲ್ಲಿ ಇಂದಿಗೂ ಉಂಟು. ಅಂಬಾಸಿಡರನ್ನೇ ನೋಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಿಂದ ಹುಟ್ಟಿ, ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾದ ಈ ವಾಹನ ಎಷ್ಟೋ ಮದುವೆಯ ದಿಬ್ಬಣಗಳನ್ನು ಹೊತ್ತು ತಿರುಗಿದೆ. ಮಾರಲು ಮನಸ್ಸಿಲ್ಲದೆ, ಓಡಿಸಲು ಬಿಡುವಿಲ್ಲದೆ, ಯಜಮಾನರು ಅದನ್ನು ಎರಡು ಮಳೆಗಾಲ ಚಪ್ಪರದಡಿ ನಿಲ್ಲಿಸುತ್ತಾರೆ. ಬಳಿಕ ಒಂದು ದಿನ ಹೊರಡಿಸಹೋದರೆ ಸ್ಟೀರಿಂಗ್ ಮೊಂಡು ಹಿಡಿದಿರುತ್ತದೆ.

ಇದನ್ನು ಕೇವಲ ತೋಳಿಗೆ ಶ್ರಮವೆಂದು ಬಗೆಯುವುದು ಅಪಾಯ. ಆರೋಗ್ಯವಾದ ಸ್ಟೀರಿಂಗ್ ತಿರುವು ಮುಗಿದೊಡನೆ ತಾನಾಗಿಯೇ ನೇರಕ್ಕೆ ಮರಳುತ್ತದೆ. ಬಿಗಿದುಕೊಂಡದ್ದು ತಿರುಗಿಸಿದಲ್ಲೇ ನಿಂತುಬಿಡುತ್ತದೆ. ಘಟ್ಟದ ತಿರುವಿನಲ್ಲಿ ಒಂದು ಕ್ಷಣದ ಈ ಜಡತೆ ಪ್ರಾಣಕ್ಕೇ ಸಂಚಕಾರ ತಂದೀತು.

ಬಿಗಿತದ ಕಾರಣ

ಕಬ್ಬಿಣವು ತುಕ್ಕಾದಾಗ, ತಾನು ಕಳೆದುಕೊಂಡ ಲೋಹಕ್ಕಿಂತ ಎರಡು ಪಾಲಿಗೂ ಮಿಗಿಲಾದ ಜಾಗವನ್ನು ಆಕ್ರಮಿಸುತ್ತದೆ. ಬಯಲಿನಲ್ಲಾದರೆ ಅದು ಹಕ್ಕಳೆಯಾಗಿ ಉದುರೀತು. ನಟ್ಟಿಗೂ ಬೋಲ್ಟಿಗೂ ನಡುವಣ ಸಂದಿಯಲ್ಲಾದರೆ ಬೆಣೆಯಾಗಿ ಬಿಗಿಯುತ್ತದೆ. ಒಣಗಿದ ಗ್ರೀಸು ಇದಕ್ಕೆ ಅಂಟಾಗಿ ಕೂಡುತ್ತದೆ. ಆದುದರಿಂದಲೇ ಸ್ಪ್ಯಾನರಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಜಗ್ಗುವ ಶೂರನಿಗೆ ದೊರೆಯುವುದು ಮುರಿದ ಬೋಲ್ಟು ಮಾತ್ರ.

ರೋಗವೆಲ್ಲಿದೆ?

ಮೊದಲು ರೋಗದ ನೆಲೆಯನ್ನು ಕಂಡುಹಿಡಿಯಬೇಕು. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಬೆಣೆ ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಇಳಿಸಿರಿ. ಜಾಕೊಂದನ್ನೇ ನಂಬಿ ಕಾರಿನಡಿ ತಲೆಯಿಡುವುದು ಎಂದಿಗೂ ಸಲ್ಲದು. ಚಕ್ರಗಳು ತೂಗುತ್ತಿರುವಾಗ ಸ್ಟೀರಿಂಗ್ ಹಗುರವಾದರೆ ದೋಷ ಟೈರಿನ ಗಾಳಿಯದಿರಬಹುದು. ಆಗಲೂ ಬಿಗಿಯಾಗಿದ್ದರೆ, ಚಕ್ರಗಳನ್ನು ತಿರುಗಿಸುವ ಟೈ ರಾಡುಗಳ ಹೊರತುದಿಗಳನ್ನು ಎರಡೂ ಕಡೆ ಬಿಡಿಸಿ, ಒಂದೊಂದು ಚಕ್ರವನ್ನೂ ಕೈಯಿಂದ ಹೊರಳಿಸಿ ನೋಡಿರಿ. ಚಕ್ರವೇ ಹೊರಳದಿದ್ದರೆ ದೋಷ ಅದರ ತಿರುಗುಗೂಟದಲ್ಲಿದೆ. ಚಕ್ರಗಳು ಸಲೀಸಾಗಿದ್ದು ಸ್ಟೀರಿಂಗ್ ಮಾತ್ರ ಜಡವಾಗಿದ್ದರೆ, ಹಲ್ಲುಗಳುಳ್ಳ ಉಕ್ಕಿನ ದಂಡದಲ್ಲೋ ಸ್ಟೀರಿಂಗಿನ ಕಂಬದಲ್ಲೋ ತೊಂದರೆಯಿದೆ.

ಬಿಡಿಸುವ ಬಗೆ

ಟೈ ರಾಡಿನ ತುದಿಯಲ್ಲಿರುವ ಬಾಲ್ ಜಾಯಿಂಟಿನ ಕಾಲು ತುದಿಗೆ ಹೋದಂತೆ ಕಿರಿದಾಗುವ ಗೂಟದಂತಿದೆ. ನಟ್ಟು ಬಿಚ್ಚಿದರೂ ಅದು ಕಣ್ಣಿನೊಳಗೆ ಕಚ್ಚಿಕೊಂಡೇ ಇರುತ್ತದೆ. ಸ್ಪ್ಲಿಟ್ ಪಿನ್ ತೆಗೆದು, ತಂತಿಯ ಬ್ರಷ್ಷಿನಿಂದ ಕೊಳೆ ಉಜ್ಜಿ, ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಊಡಿಸಿ ರಾತ್ರಿಯಿಡೀ ಬಿಡಿರಿ. ಬೆಳಗ್ಗೆ ನಟ್ಟನ್ನು ಸಡಿಲಿಸಿ, ಕೆಲವು ಸುತ್ತು ಮರೆಯ ಮೇಲೆಯೇ ಉಳಿಸಿರಿ. ಅನಂತರ ಕಣ್ಣಿನ ಒಂದು ಮಗ್ಗುಲಿಗೆ ಭಾರವಾದ ಸುತ್ತಿಗೆಯನ್ನು ಆನಿಸಿ, ಎದುರು ಮಗ್ಗುಲಿಗೆ ಇನ್ನೊಂದರಿಂದ ಚುರುಕಾಗಿ ಹೊಡೆಯಬೇಕು. ಕಣ್ಣು ಕ್ಷಣಮಾತ್ರ ಅಲುಗಿದಾಗ ಗೂಟ ತಾನೇ ಕೆಳಗಿಳಿಯುತ್ತದೆ. ಮರೆಯ ತುದಿಗೆ ಹೊಡೆದರೆ ಅದು ಅಣಬೆಯಂತೆ ಅರಳಿ ಕೆಲಸ ಕೆಡುತ್ತದೆ. ತುದಿಯನ್ನು ರಾಡಿನಿಂದ ತಿರುಚಿ ತೆಗೆಯುವ ಮೊದಲು, ಅದು ಎಷ್ಟು ಸುತ್ತಿಗೆ ಬಿಟ್ಟುಬಂತೆಂದು ಎಣಿಸಿ ಬರೆದಿಡುವುದು ಜಾಣತನ.

ತಿರುಗುಗೂಟ ಬಿಗಿದಿದ್ದರೆ, ಚಕ್ರ ತೂಗುತ್ತಿರುವಾಗಲೇ ನಿಪ್ಪಲಿನ ಮೂಲಕ ಗ್ರೀಸ್ ಗನ್ನಿನಿಂದ ಹೊಸ ಗ್ರೀಸು ಒತ್ತಿರಿ. ಕಾರಿನ ಭಾರ ಅದರ ಮೇಲಿದ್ದರೆ ಗ್ರೀಸು ಒಳಸೇರದು. ಚಕ್ರವನ್ನು ಅತ್ತಿತ್ತ ಹೊರಳಿಸುತ್ತ, ಕಪ್ಪು ಗ್ರೀಸು ಹೋಗಿ ಹೊಸತು ಹೊರಬರುವವರೆಗೆ ಬಿಡಬೇಡಿ. ನಿಪ್ಪಲ್ ಕಟ್ಟಿದ್ದರೆ ಹೊಸದನ್ನು ಹಾಕಿರಿ.

ಬೆಂಕಿಯ ಉಪಾಯವೂ ಒಂದುಂಟು. 20 ಮಿಲಿಮೀಟರ್ ಅಗಲದ ಉಕ್ಕಿನ ಕಣ್ಣು 200 ಡಿಗ್ರಿ ಹೆಚ್ಚು ಕಾದರೆ ಸುಮಾರು 0.05 ಮಿಲಿಮೀಟರ್ ಹಿಗ್ಗುತ್ತದೆ. ತುಕ್ಕಿನ ಹಿಡಿತ ಸಡಿಲಲು ಅಷ್ಟೇ ಸಾಕಾಗಬಹುದು. ಆದರೆ ಎಣ್ಣೆ, ರಬ್ಬರು, ಪೆಟ್ರೋಲಿನ ಸನಿಹದಲ್ಲಿ ಜ್ವಾಲೆಯಾಡಿಸುವುದು ಗೃಹಸ್ಥರ ಕೆಲಸವಲ್ಲ. ಉಕ್ಕು ಅತಿಯಾಗಿ ಕಾದರೆ ತನ್ನ ಬಲವನ್ನೂ ಕಳೆದುಕೊಳ್ಳಬಹುದು. ಅದನ್ನು ನುರಿತ ಮೆಕ್ಯಾನಿಕ್ಕಿಗೇ ಬಿಡುವುದು ಲೇಸು.

ಎಲ್ಲಿ ನಿಲ್ಲಿಸಬೇಕು?

ಹಲ್ಲುದಂಡದ ರಬ್ಬರು ಚೀಲ ಹರಿದು, ನೀರು ನುಗ್ಗಿ, ಹಲ್ಲುಗಳು ತುಕ್ಕು ತಿಂದಿದ್ದರೆ ಉಜ್ಜಿ ಮೆರುಗು ಕೊಟ್ಟು ಫಲವಿಲ್ಲ, ಬದಲಿಸಲೇಬೇಕು. ಬಿರುಕು ಬಿಟ್ಟದ್ದು, ಬಾಗಿದ್ದು, ಕೆಂಪಗೆ ಕಾಯಿಸಿದ್ದು ಯಾವುದನ್ನೂ ಮತ್ತೆ ಜೋಡಿಸಬೇಡಿ. ಸ್ಪ್ಲಿಟ್ ಪಿನ್ ಪ್ರತಿ ಸಾರಿಯೂ ಹೊಸದೇ ಇರಲಿ. ಸುತ್ತುಗಳ ಎಣಿಕೆ ಸರಿಯಾಗಿದ್ದರೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸದೆ ದೂರ ಹೋಗಬೇಡಿ. ಮೊದಲು ಬರಿದಾದ ಬಯಲಿನಲ್ಲಿ ಒಬ್ಬರೇ ಮೆಲ್ಲನೆ ಓಡಿಸಿ, ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿದ ಬಳಿಕವೇ ಮನೆಮಂದಿ ಹತ್ತಲಿ.

ತಾಳಿದವನು ಬಾಳಿಯಾನು ಎಂಬ ಗಾದೆ ಗ್ಯಾರೇಜಿಗೂ ಸಲ್ಲುತ್ತದೆ. ಎಣ್ಣೆ ಇಳಿಯಲು ಒಂದು ರಾತ್ರಿ ಬೇಕೆಂದರೆ ಒಂದು ರಾತ್ರಿ ಬೇಕು. ಯಜಮಾನರ ಆತುರ ಕಬ್ಬಿಣಕ್ಕೆ ತಿಳಿಯದು. ಇನ್ನು ಮುಂದಾದರೂ ವಾರಕ್ಕೊಮ್ಮೆ ಆ ಹಿರಿಯರನ್ನು ಬೀದಿಯ ಕೊನೆಯವರೆಗೆ ಅಡ್ಡಾಡಿಸಿಕೊಂಡು ಬನ್ನಿರಿ. ಕೀಲುಗಳ ಮಟ್ಟಿಗೆ ಮನುಷ್ಯರಿಗೂ ಮೋಟಾರುಗಳಿಗೂ ಮದ್ದು ಒಂದೇ.