ಗುಮ್ಮಟವೂ ಬಾವಡಿಯೂ

ಹಳೆಯ ನಗರಗಳನ್ನು ನೋಡಬಯಸುವವನಿಗೆ ಅವಸರ ಸಲ್ಲದು. ಏಳು ಬೆಟ್ಟಗಳ ನಗರವೆನಿಸಿದ ರೋಮಿನ ಅವಶೇಷಗಳ ನಡುವೆ ಅಲೆಯುವುದಕ್ಕೆಂದೇ ಜನ ಸಮುದ್ರ ದಾಟಿ ಹೋಗುತ್ತಾರೆ. ಅಷ್ಟು ದೂರ ಹೋಗಲಾರದ ಕನ್ನಡಿಗನಿಗೆ ವಿಜಯಪುರದ ಸ್ಟೇಷನ್ ರಸ್ತೆಯಿದೆ. ಇಲ್ಲಿ ಬೆಟ್ಟಗಳಿಲ್ಲ, ಬಯಲಿನಿಂದ ಎದ್ದು ನಿಂತ ಗುಮ್ಮಟಗಳೇ ಬೆಟ್ಟಗಳು. ಮಾಗಿಯ ಒಂದು ದಿನವನ್ನು ಮೀಸಲಿಟ್ಟು, ಊರನ್ನು ಪೂರ್ವದಿಂದ ಪಶ್ಚಿಮಕ್ಕೆ ನಿಧಾನವಾಗಿ ಸುತ್ತಿ ನೋಡಿದೆ.

ನಿಲ್ದಾಣದಿಂದ ಹೊರಟವನ ಕಣ್ಣನ್ನು ಮೊದಲು ಸೆಳೆಯುವುದು ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿ. ರೋಮಿನ ಪ್ಯಾಂಥಿಯನ್ ಗುಮ್ಮಟದ ಒಳ ಅಗಲ 43 ಮೀಟರಿಗೂ ಮಿಕ್ಕಿದ್ದು; ಇದರದು ಸುಮಾರು 38 ಮೀಟರು. ಆದರೆ ಅಲ್ಲಿ ದುಂಡು ಗೋಡೆಯ ಮೇಲೆ ದುಂಡು ಗುಮ್ಮಟ ಕುಳಿತಿದೆ. ಇಲ್ಲಿಯ ಶಿಲ್ಪಿಗೆ ಚೌಕಾಕಾರದ ಹಜಾರದ ಮೇಲೆ ಅದನ್ನು ಕೂರಿಸಬೇಕಾಗಿತ್ತು. ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನೆತ್ತಿ, ಚೌಕವನ್ನು ಮೆಲ್ಲಮೆಲ್ಲನೆ ವೃತ್ತಕ್ಕೆ ತಿರುಗಿಸಿದ ಅವನ ಜಾಣ್ಮೆಯನ್ನು ಕತ್ತೆತ್ತಿ ನೋಡಿದಷ್ಟೂ ತಣಿವಿಲ್ಲ. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಶಾಲೆಯ ಮಕ್ಕಳು ತಮ್ಮ ತಮ್ಮ ಹೆಸರುಗಳನ್ನು ಕೂಗಿ, ಅವು ಮರಳಿ ಬರುವುದನ್ನು ಕೇಳಿ ನಗುತ್ತಿದ್ದರು. ಕೆಳಗೆ ಮಲಗಿದ ಸುಲ್ತಾನನಿಗಿಂತ ಅವರ ಹೆಸರುಗಳೇ ಅಲ್ಲಿ ಹೆಚ್ಚು ಜೀವಂತವಾಗಿದ್ದುವು.

ಅಲ್ಲಿಂದ ಪಶ್ಚಿಮಕ್ಕೆ ಸಾಗಿ, ರಸ್ತೆಯಿಂದ ತುಸು ಒಳಗಿರುವ ಬಾರಾ ಕಮಾನಿಗೆ ಹೋದೆ. ಎರಡನೆಯ ಅಲಿ ಆದಿಲ್‌ಶಾಹ ತನಗಾಗಿ ತೊಡಗಿದ ಈ ಸಮಾಧಿ ಮುಗಿಯಲೇ ಇಲ್ಲ. 1672ರಲ್ಲಿ ಅವನು ಮುಗಿದ. ಮತ್ತೆ 14 ವರ್ಷಕ್ಕೆ, 1686ರಲ್ಲಿ, ಔರಂಗಜೇಬನ ಮುತ್ತಿಗೆಗೆ ರಾಜ್ಯವೂ ಮುಗಿಯಿತು. ಚಾವಣಿಯಿಲ್ಲದ ಕರಿಗಲ್ಲಿನ ಕಮಾನುಗಳಿಗೆ ಈಗ ಆಕಾಶವೇ ಚಾವಣಿ.

ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಚಟ್ನಿಗಳ ಊಟ ಮುಗಿಸಿ ಟಾಂಗಾ ಹತ್ತಿದೆ. ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿನ ಬಳಿ ಇಳಿದಾಗ, ಬಿಟ್ಟು ಬಂದೆನೆಂದುಕೊಂಡಿದ್ದ ರೋಮ್ ಮತ್ತೆ ಎದುರಾಯಿತು. 1549ರಲ್ಲಿ ಅಹಮದನಗರದಲ್ಲಿ ಇದನ್ನು ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮ್ ಎಂದರೆ ರೋಮ್. ಪೂರ್ವ ರೋಮನರ ಕೈತಪ್ಪಿ ತುರ್ಕರ ವಶವಾದ ಮೇಲೂ ಅನಾತೋಲಿಯ ನಾಡಿಗೆ ಹಳೆಯ ಒಡೆಯರ ಹೆಸರೇ ಉಳಿಯಿತು. ಆ ಹೆಸರು ಕುಶಲಕರ್ಮಿಯೊಬ್ಬನ ಬೆನ್ನೇರಿ ದಖ್ಖನಿಗೂ ಬಂದಿತು. ಸಾಮ್ರಾಜ್ಯಗಳು ಅಳಿದರೂ ಕಸುಬು ಅಳಿಯದೆ ಊರಿಂದೂರಿಗೆ ನಡೆಯುತ್ತದೆ.

“ಇನ್ನ ತಾಜ್ ಬಾವಡಿ ನೋಡೂಣು ನಡೀರಿ, ಕಾಕಾ” ಎಂದೆ. ಮುದುಕ ಲಗಾಮು ಸಡಲಿಸಿ ನಕ್ಕ: “ಗುಮ್ಮಟ ನೋಡಾಕ ದೇಶದ ಮಂದಿ ಬರ್ತಾರ್ರಿ ಸರ. ನೀರು ಕುಡಿಸಿದ ಬಾವಡಿ ನೋಡಾಕ ಯಾರ್ ಬರ್ತಾರ್ರಿ?”

ಆ ಮಾತು ಮನಸ್ಸಿಗೆ ನಾಟಿತು. ವಿಜಯಪುರ ಮಳೆ ಕಡಮೆಯ ಸೀಮೆ. ಇಲ್ಲಿ ರಾಜಧಾನಿಯೊಂದು ಬಾಳಿದ್ದು ತೋಪಿನ ಬಲದಿಂದಲ್ಲ, ನೀರಿನ ಬಲದಿಂದ. ತೊರವಿಯ ನೆಲದಡಿಯ ಸುರಂಗದಿಂದ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ, ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳು. ನೀರು ಅವುಗಳೊಳಗೆ ಮೇಲೇರಿ ಇಳಿಯುವಾಗ ಒತ್ತಡ ತಗ್ಗಿ ಕೊಳವೆ ಒಡೆಯದೆ ಉಳಿಯುತ್ತಿತ್ತು. ಹೂಳೂ ತಳದಲ್ಲಿ ನಿಲ್ಲುತ್ತಿತ್ತು. ಇಂದು ಆ ಗೋಪುರಗಳ ಪಕ್ಕದಲ್ಲೇ ಹಾದುಹೋಗುವವರಲ್ಲಿ ಎಷ್ಟು ಮಂದಿಗೆ ಅವುಗಳ ಗುರುತಿದೆ?

ರೋಮಿನಲ್ಲಿ ಕ್ರಿ. ಶ. 97ರಲ್ಲಿ ನೀರಿನ ಅಧಿಕಾರಿಯಾದ ಫ್ರಾಂಟಿನಸ್ ತನ್ನ ಊರಿನ ಕಾಲುವೆಗಳ ಮೇಲೆ ಒಂದು ಗ್ರಂಥವನ್ನೇ ಬರೆದ. ಸುಮ್ಮನೆ ನಿಂತಿರುವ ಪಿರಮಿಡ್ಡುಗಳೆಲ್ಲಿ, ಜನಕ್ಕೆ ಬೇಕಾದ ಈ ಕಾಲುವೆಗಳೆಲ್ಲಿ ಎಂಬುದು ಅವನ ಹೆಮ್ಮೆ. ನಮ್ಮ ಟಾಂಗಾದ ಕಾಕಾ ಆ ಗ್ರಂಥವನ್ನು ಓದಿದವನಲ್ಲ. ಆದರೆ ಅದೇ ತೂಕದ ಮಾತನ್ನಾಡಿದ್ದ.

ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರ ವೇಳೆಗೆ ಕಟ್ಟಿದ ಬಾವಡಿಯ ಮುಂದೆ ಭಾರಿ ಕಮಾನು, ಎರಡು ಬದಿಗೂ ಎಂಟು ಮೂಲೆಯ ಗೋಪುರಗಳು. ಸಮಾಧಿಗೆ ಸಲ್ಲಿಸುವ ವೈಭವವನ್ನೇ ಕಟ್ಟಿದವರು ನೀರಿಗೂ ಸಲ್ಲಿಸಿದ್ದಾರೆ. ನಲ್ಲಿ ಬಂದ ಮೇಲೆ ಊರಿನ ಬಾವಡಿಗಳು ಕಸದ ತಿಪ್ಪೆಗಳಾಗಿದ್ದುವು. ಈಚಿನ ವರ್ಷಗಳಲ್ಲಿ ಕೆಲವುಗಳ ಹೂಳೆತ್ತಿದ್ದಾರೆ. ಅದು ಒಂದು ಸಲ ಮಾಡಿ ಮರೆಯುವ ಕೆಲಸವಲ್ಲ. ಗುಮ್ಮಟ ತನ್ನ ಗಾತ್ರದಿಂದಲೇ ತನ್ನನ್ನು ಕಾಯ್ದುಕೊಂಡೀತು. ನೆಲದೊಳಗೆ ತಗ್ಗಿ ನಿಂತ ಬಾವಡಿಯನ್ನು ನೆನಪಿಟ್ಟು ಕಾಯಬೇಕಾದವರು ನಾವು. ಗೋಳಗುಮ್ಮಟಕ್ಕೆ ಮಕ್ಕಳನ್ನು ಕರೆತರುವ ಉಪಾಧ್ಯಾಯರು, ಮರಳುವ ಮುನ್ನ ಒಂದು ಗಳಿಗೆ ಈ ಮೆಟ್ಟಿಲುಗಳ ಮೇಲೂ ಅವರನ್ನು ನಿಲ್ಲಿಸಲಿ.