ಗೋಡೆ ದಾಟದ ನೆಟ್‌ಗೆ ಒಂದು ವೈರ್ ಸಾಕು!

“ಅಮ್ಮಾ, ಮತ್ತೆ ಹೋಯ್ತು!”

ಉಪ್ಪರಿಗೆಯಿಂದ ಮಗಳ ಕೂಗು ಬಂತೆಂದರೆ ಒಗ್ಗರಣೆ ಅರ್ಧಕ್ಕೇ ಬಿಟ್ಟು ಜಗಲಿಗೆ ಓಡುತ್ತಿದ್ದೆ. ಅಲ್ಲಿ ಗೋಡೆಗೆ ಹಾಕಿರುವ ಇಂಟರ್‌ನೆಟ್ ಪೆಟ್ಟಿಗೆಯನ್ನು ಆಫ್ ಮಾಡಿ, ಹತ್ತು ಎಣಿಸಿ, ಮತ್ತೆ ಆನ್ ಮಾಡೋದು. ದೀಪಗಳು ಮಿಣಮಿಣ ಅಂದು ನಿಲ್ಲೋವರೆಗೆ ಕಾಯೋದು. “ಬಂತೇನೇ?” ಅಂತ ನಾನು. “ಬಂತು... ಅಯ್ಯೋ, ಹೋಯ್ತು!” ಅಂತ ಅವಳು. ದಿನಕ್ಕೆ ನಾಲ್ಕು ಸಲ ಇದೇ ನಾಟಕ. ಅಷ್ಟರಲ್ಲಿ ಸಾಸಿವೆ ಸೀದಿರುತ್ತಿತ್ತು.

ನಮ್ಮದು ಸಾಗರದ ಹತ್ತಿರ ಒಂದು ಹಳೇ ಮನೆ. ಜಂಬಿಟ್ಟಿಗೆಯ ಒಂದೂವರೆ ಅಡಿ ದಪ್ಪದ ಗೋಡೆಗಳು. ಅತ್ತೆಯವರು ಬಿದ್ದು ಸೊಂಟದ ಆಪರೇಷನ್ ಆದಾಗ ನಾವು ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಇಲ್ಲಿಗೇ ಬಂದೆವು. ಮನೆಯಿಂದಲೇ ಕೆಲಸ ಮಾಡಲು ನಮ್ಮನೆಯವರಿಗೆ ಕಂಪನಿಯವರು ಒಪ್ಪಿದ್ದರು. ಆದರೆ ಮೀಟಿಂಗ್ ನಡುವೆ ದನಿ ಕಡಿದು ಹೋಗೋದು, ಮುಖ ಕಲ್ಲಿನ ವಿಗ್ರಹದ ಹಾಗೆ ನಿಂತು ಬಿಡೋದು ನಿತ್ಯದ ಕಥೆಯಾಯಿತು. ಕೊನೆಗೊಂದು ದಿನ ಮೇಲಿನವರು, “ಇನ್ನೊಂದು ತಿಂಗಳು ನೋಡೋಣ. ಸರಿ ಹೋಗದಿದ್ದರೆ ಆಫೀಸಿಗೇ ಬಂದುಬಿಡಿ” ಅಂದರಂತೆ. ಆ ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ. ವಾಕರ್ ಹಿಡಿದು ನಡೆಯೋ ಅತ್ತೆಯವರನ್ನು ಬಿಟ್ಟು ಹೋಗೋದು ಹೇಗೆ?

ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ, “ದೊಡ್ಡ ಪ್ಲಾನ್ ತಗೊಳ್ಳಿ ಮೇಡಂ” ಅಂದರು. 50 ಎಂಬಿಪಿಎಸ್‌ನಿಂದ 100ಕ್ಕೆ ಏರಿಸಿದೆವು. ತಿಂಗಳ ಬಿಲ್ ಏರಿತೇ ಹೊರತು ಉಪ್ಪರಿಗೆಯಲ್ಲಿ ಏನೂ ಬದಲಾಗಲಿಲ್ಲ.

ಮೊದಲು ರೋಗ ಯಾವುದೆಂದು ನೋಡಿ

ಒಂದು ಮಧ್ಯಾಹ್ನ ಇವರ ಲ್ಯಾಪ್‌ಟಾಪ್ ಅನ್ನು ಜಗಲಿಗೆ ತಂದು, ಪೆಟ್ಟಿಗೆಯ ಜೊತೆ ಬಂದಿದ್ದ ಮೊಳದುದ್ದದ ಕೇಬಲ್ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿದೆ. 94 ಬಂತು! ಕೇಬಲ್ ತೆಗೆದು ಅದೇ ಲ್ಯಾಪ್‌ಟಾಪ್ ಹೊತ್ತು ಉಪ್ಪರಿಗೆ ಹತ್ತಿ ವೈ-ಫೈಯಲ್ಲಿ ನೋಡಿದೆ. ಬರೀ 6. ಅಂದರೆ ಮನೆಯ ಬಾಗಿಲವರೆಗೆ ನೆಟ್ ಧಾರಾಳವಾಗಿ ಬರುತ್ತಿದೆ. ತೊಂದರೆ ಇರೋದು ಜಗಲಿಗೂ ಉಪ್ಪರಿಗೆಗೂ ನಡುವೆ. ಬಾವಿಯಲ್ಲಿ ನೀರಿದೆ, ಕೊಡ ತೂತು!

ವೈ-ಫೈ ಅಂದರೆ ರೇಡಿಯೊ ಅಲೆ. ಅದರಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆ ಸಾಮಾನ್ಯ. 2.4 ಸ್ವಲ್ಪ ದೂರ ಹೋಗುತ್ತೆ, ಆದರೆ ನಿಧಾನ. 5 ಬಲು ವೇಗ, ಆದರೆ ಗೋಡೆ ಕಂಡರೆ ಸುಸ್ತು. ದಪ್ಪ ಗೋಡೆ, ಆರ್‌ಸಿಸಿ ಛಾವಣಿ, ಕಬ್ಬಿಣದ ಬೀರು, ನೀರಿನ ಟ್ಯಾಂಕ್ ಎಲ್ಲವೂ ಅದಕ್ಕೆ ಅಡ್ಡಿಯೇ. ನಿಮ್ಮ ಮನೆಯಲ್ಲೂ ಪ್ಲಾನ್ ಏರಿಸೋ ಮೊದಲು ಈ ಹತ್ತು ನಿಮಿಷದ ಪರೀಕ್ಷೆ ಮಾಡಿ. ಪೆಟ್ಟಿಗೆ ಹತ್ತಿರವೂ ನೆಟ್ ನಿಧಾನವಿದ್ದರೆ ನೆಟ್ ಕೊಡುವವರನ್ನು ಕೇಳಿ. ಹತ್ತಿರ ಚೆನ್ನಾಗಿದ್ದು ಕೋಣೆಯಲ್ಲಿ ಮಾತ್ರ ಕೆಟ್ಟಿದ್ದರೆ ದುಡ್ಡನ್ನು ಪ್ಲಾನಿಗಲ್ಲ, ವೈರಿಗೆ ಹಾಕಿ.

ವೈರ್ ಎಳೆಯುವ ಯೋಚನೆ ನನಗೆ ಹೊಳೆದದ್ದು ಹಳೇ ನೆನಪಿನಿಂದ. ಬಿ.ಎ. ಓದುವಾಗ ರಿಸಲ್ಟ್ ನೋಡಲು ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಸೈಬರ್ ಕೆಫೆಗೆ ಹೋಗುತ್ತಿದ್ದೆವು. ಅಲ್ಲಿ ಎಂಟು ಕಂಪ್ಯೂಟರ್, ಒಂದೇ ಕನೆಕ್ಷನ್. ಮೇಜಿನಡಿ ನೀಲಿ ವೈರುಗಳ ರಾಶಿ! ಅದೇ ಎತರ್‌ನೆಟ್. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬುವರು ಸಂಗಡಿಗರೊಡನೆ ಶುರು ಮಾಡಿದ ವಿಧಾನ. ಐವತ್ತು ವರ್ಷ ದಾಟಿದರೂ ಇಂದಿಗೂ ಆಫೀಸು, ಬ್ಯಾಂಕುಗಳಲ್ಲಿ ಅದೇ ನಡೆಯುತ್ತಿದೆ. ಕೆಫೆಯಲ್ಲಿ ಆಗಿದ್ದು ನಮ್ಮ ಮನೆಯಲ್ಲಿ ಯಾಕಾಗಬಾರದು?

ಯಾವುದಕ್ಕೆ ಏನೆನ್ನುತ್ತಾರೆ?

ಹೆಸರು ಕೇಳಿ ಹೆದರಬೇಡಿ. ರೂಟರ್ ಅಂದರೆ ಪಂಕ್ತಿಯಲ್ಲಿ ಬಡಿಸುವವರ ಹಾಗೆ. ಹೊರಗಿನಿಂದ ಬಂದದ್ದನ್ನು ಎಲೆ ನೋಡಿ ಯಾರದು ಯಾರಿಗೋ ಅವರಿಗೇ ಬಡಿಸುತ್ತೆ. ಅದಕ್ಕಾಗಿ ಮನೆಯ ಪ್ರತಿ ಫೋನು, ಕಂಪ್ಯೂಟರ್, ಟಿವಿಗೂ 192.168.1.5 ಅಂತೇನೋ ಒಂದು ನಂಬರ್ ತಾನೇ ಕೊಡುತ್ತೆ. ಈಗ ಫೈಬರ್ ಕನೆಕ್ಷನ್‌ಗೆ ಕೊಡುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ರೂಟರ್ ಸೇರಿಯೇ ಇರುತ್ತೆ. ಅದರ ಹಿಂದೆ ‘ಲ್ಯಾನ್’ ಎಂದು ಬರೆದ ಚೌಕ ತೂತುಗಳಿರುತ್ತವೆ. ಅವುಗಳಿಗೆ ಪೋರ್ಟ್ ಅಂತಾರೆ. ಮನೆಯೊಳಗಿನ ವೈರು ಹೊರಡೋದು ಅಲ್ಲಿಂದ. ರೂಟರ್ ಬೇರೆಯೇ ಇದ್ದರೆ ‘ವ್ಯಾನ್’ ಎಂಬ ಇನ್ನೊಂದು ಪೋರ್ಟ್ ಇರುತ್ತೆ. ಅದು ಹೊರಗಿನಿಂದ ಬರುವ ವೈರಿಗೆ.

ಸ್ವಿಚ್ ಅನ್ನೋದು ಒಂದು ವೈರನ್ನು ನಾಲ್ಕಾರು ಕಡೆಗೆ ಹಂಚುವ ಪುಟ್ಟ ಡಬ್ಬಿ. ನಾನು ಎಲೆಕ್ಟ್ರಿಕ್ ಅಂಗಡಿಯಲ್ಲಿ “ಐದು ಪೋರ್ಟಿನ ಸ್ವಿಚ್ ಕೊಡಿ” ಅಂದಾಗ ಅವರು ದೀಪದ ಸ್ವಿಚ್ ಬೋರ್ಡ್ ತಂದಿಟ್ಟರು! ಕಂಪ್ಯೂಟರ್ ಅಂಗಡಿಯಲ್ಲಿ “ನೆಟ್‌ವರ್ಕ್ ಸ್ವಿಚ್” ಅಂತಲೇ ಕೇಳಿ. ಡಬ್ಬಿ ಮೇಲೆ 10/100/1000 ಅಂತಿದ್ದರೆ ಅದು ಗಿಗಾಬಿಟ್. ಬರೀ 10/100 ಅಂತಿದ್ದರೆ ಬೇಡ. ಇವತ್ತಿಗೆ ಸಾಕಾದರೂ ನಾಳೆ ಸಾಲದು.

ಕೇಬಲ್ ಕೊಳ್ಳುವಾಗ

ಅಂಗಡಿಗೆ ಹೋಗೋ ಮೊದಲು ದಾರಿ ಅಳೆಯಿರಿ. ನಾನು ಹೂ ಕಟ್ಟೋ ದಾರದುಂಡೆ ಹಿಡಿದು ಪೆಟ್ಟಿಗೆಯಿಂದ ಬಾಗಿಲ ಮೇಲಿನ ಬೆಳಕಿಂಡಿ, ಅಲ್ಲಿಂದ ಮೆಟ್ಟಿಲ ಪಕ್ಕ, ಅಲ್ಲಿಂದ ಉಪ್ಪರಿಗೆಯ ಮೇಜಿನವರೆಗೆ ಎಳೆದೆ. ಆಮೇಲೆ ಟೇಪಿನಲ್ಲಿ ಆ ದಾರ ಅಳೆದರೆ 19 ಮೀಟರ್. ತಿರುವು, ಮೂಲೆ ಅಂತ ಹೆಚ್ಚುವರಿ ಇಟ್ಟುಕೊಂಡು 25 ಮೀಟರಿನದು ತಂದೆ. ಉದ್ದವಾದರೆ ಸುತ್ತಿಡಬಹುದು, ಗಿಡ್ಡವಾದರೆ ಸೀರೆಗೆ ತೇಪೆ ಹಾಕಿದ ಹಾಗೆ ಸೇರಿಸಲಾಗದು. ಉದ್ದವಾದರೆ ವೇಗ ಕಡಿಮೆಯಾಗುತ್ತೇನೋ ಅನ್ನೋ ಚಿಂತೆಯೂ ಬೇಡ. 100 ಮೀಟರ್‌ವರೆಗೆ ತೊಂದರೆಯಿಲ್ಲ.

ಮನೆಗೆ ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಸಾಕು. ಎರಡರಲ್ಲೂ ಸೆಕೆಂಡಿಗೆ ಒಂದು ಗಿಗಾಬಿಟ್ ಹರಿಯುತ್ತೆ. ಕೇಬಲ್ ಮೈಮೇಲೆಯೇ ಅದನ್ನು ಅಚ್ಚು ಹಾಕಿರುತ್ತಾರೆ. ಒಂದು ಎಚ್ಚರ: ‘ಸಿಸಿಎ’ ಎಂದು ಬರೆದಿದ್ದರೆ ಅದು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ಅಗ್ಗ ಹೌದು, ಆದರೆ ಬೇಗ ತುಂಡಾಗುತ್ತೆ. ಶುದ್ಧ ತಾಮ್ರದ್ದೇ ಕೇಳಿ.

ಎರಡು ತುದಿಗೂ ಪ್ಲಗ್ ಹಾಕಿದ ರೆಡಿಮೇಡ್ ಕೇಬಲ್ ಹೊಸಬರಿಗೆ ಸುಲಭ. ಗೋಡೆಯ ಸಣ್ಣ ತೂತಿನಲ್ಲಿ ಪ್ಲಗ್ ತೂರದು ಅನ್ನೋದಾದರೆ ಬರೀ ಕೇಬಲ್ ಎಳೆದು, ಆಮೇಲೆ ಕಂಪ್ಯೂಟರ್ ರಿಪೇರಿಯವರಿಂದ ಪ್ಲಗ್ ಹಾಕಿಸಿ. ಒಳಗಿನ ಎಂಟು ಎಳೆಗಳ ಬಣ್ಣದ ಕ್ರಮ ನಿಮಗೂ ಗೊತ್ತಿರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ ಇರಬೇಕು. ಹಾಕಿದ ಮೇಲೆ ಟೆಸ್ಟರ್‌ನಲ್ಲಿ ಎಂಟೂ ದೀಪ ಸಾಲಾಗಿ ಹತ್ತಿದ್ದನ್ನು ನೋಡಿಯೇ ದುಡ್ಡು ಕೊಡಿ. ನಾಲ್ಕೇ ಎಳೆ ಸರಿಯಿದ್ದರೂ ಕೆಲಸ ನಡೆಯಬಹುದು, ಆದರೆ ವೇಗ ನೂರನ್ನು ದಾಟದು.

ಬೇಡದ ಒಂದು ತುಂಡು ಕೇಬಲ್ ಸಿಪ್ಪೆ ಸುಲಿದು ಅತ್ತೆಯವರಿಗೆ ತೋರಿಸಿದೆ. ಎರಡೆರಡು ಎಳೆ ಒಂದಕ್ಕೊಂದು ಸುತ್ತಿಕೊಂಡಿದ್ದವು. “ಎಂಥ ಮಾರಾಯ್ತಿ, ಇದು ನಾನು ದೀಪಕ್ಕೆ ಬತ್ತಿ ಹೊಸೆದ ಹಾಗೇ ಉಂಟಲ್ಲೇ!” ಅಂದರು. ನಿಜ. ಹಾಗೆ ಹೊಸೆದಿರೋದರಿಂದಲೇ ಪಕ್ಕದ ಎಳೆಯ, ಹೊರಗಿನ ಕರೆಂಟಿನ ಗಲಾಟೆ ಅದಕ್ಕೆ ಹೆಚ್ಚು ತಾಗೋದಿಲ್ಲ. ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ 1881ರಲ್ಲೇ ಕಂಡುಕೊಂಡ ಉಪಾಯವಿದು.

ಎಳೆಯೋದು, ಜೋಡಿಸೋದು

ಭಾನುವಾರ ನಾನು ಏಣಿ ಹತ್ತಿದೆ, ಮಗಳು ಕ್ಲಿಪ್ ಕೊಟ್ಟಳು, ಇವರು ಏಣಿ ಹಿಡಿದರು. ಮೂರು ವಿಷಯ ನೆನಪಿಡಿ. ಕರೆಂಟಿನ ವೈರಿನ ಪೈಪಿನೊಳಗೆ ಈ ಕೇಬಲ್ ತೂರಿಸಲೇಬೇಡಿ. ಅದರ ಜೊತೆಜೊತೆಗೇ ಓಡಿಸೋದೂ ಬೇಡ, ಅರ್ಧ ಅಡಿಯಾದರೂ ದೂರವಿರಲಿ. ಅಡ್ಡ ದಾಟಲೇಬೇಕಾದರೆ ನೇರವಾಗಿ ಕತ್ತರಿಸಿದ ಹಾಗೆ ದಾಟಿಸಿ. ಮೂಲೆಯಲ್ಲಿ ಮಡಚಬೇಡಿ, ಬಳೆಯ ಹಾಗೆ ದುಂಡಗೆ ತಿರುಗಿಸಿ. ಅಟ್ಟದಲ್ಲಿ ಇಲಿ ಕಾಟವಿದ್ದರೆ ಪಿವಿಸಿ ಪೈಪಿನೊಳಗೆ ಹಾಕಿ. ಮಲೆನಾಡಿನ ಇಲಿಗಳಿಗೆ ತೆಂಗಿನಕಾಯಿಯೂ ಒಂದೇ, ಕೇಬಲ್ಲೂ ಒಂದೇ!

ಕೇಬಲ್‌ನ ಒಂದು ತುದಿ ಜಗಲಿಯ ಪೆಟ್ಟಿಗೆಯ ಲ್ಯಾನ್ ಪೋರ್ಟ್‌ಗೆ, ಇನ್ನೊಂದು ತುದಿ ಉಪ್ಪರಿಗೆಯ ಸ್ವಿಚ್‌ಗೆ. ಸ್ವಿಚ್‌ನಿಂದ ಒಂದು ಗಿಡ್ಡ ಕೇಬಲ್ ಇವರ ಲ್ಯಾಪ್‌ಟಾಪ್‌ಗೆ, ಇನ್ನೊಂದು ಮಗಳ ಕಂಪ್ಯೂಟರಿಗೆ. ‘ಟಕ್’ ಅಂತ ಸದ್ದು ಬರೋವರೆಗೆ ಒತ್ತಬೇಕು. ಹಸಿರು ದೀಪ ಮಿನುಗಿದರೆ ಮುಗಿಯಿತು, ಬೇರೇನೂ ಮಾಡೋದೇ ಬೇಡ. ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಸಿಗುತ್ತೆ. ಪರೀಕ್ಷೆ ಮಾಡಿದರೆ ಉಪ್ಪರಿಗೆಯಲ್ಲಿ 93!

ಫೋನುಗಳಿಗೆ ವೈ-ಫೈ ಬೇಕೇ ಬೇಕಲ್ಲ? ಬೆಂಗಳೂರಿನಿಂದ ತಂದಿದ್ದ ಹಳೇ ರೂಟರ್ ಕಪಾಟಿನಲ್ಲಿತ್ತು. ಅದನ್ನೂ ಸ್ವಿಚ್‌ಗೆ ಜೋಡಿಸಿದೆವು. ಆದರೆ ಮೊದಲು ಅದರ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್’ ಆರಿಸಬೇಕು. ಇಲ್ಲದಿದ್ದರೆ ಒಂದೇ ಪಂಕ್ತಿಗೆ ಇಬ್ಬರು ಬಡಿಸಲು ಹೊರಟು ಗೊಂದಲವಾಗುತ್ತೆ.

ನಾನು ಮಾಡಿದ ಎಡವಟ್ಟು

ಮೂರನೇ ದಿನ ಕೋಣೆ ಗುಡಿಸುವಾಗ ಸ್ವಿಚ್‌ನಿಂದ ಒಂದು ವೈರಿನ ತುದಿ ನೇತಾಡುತ್ತಿತ್ತು. ಮಗಳು ಕಂಪ್ಯೂಟರಿನಿಂದ ಕಿತ್ತಿಟ್ಟಿದ್ದಳು. ಓರಣವಾಗಿರಲಿ ಅಂತ ಅದನ್ನು ಸ್ವಿಚ್‌ನ ಖಾಲಿ ಪೋರ್ಟ್‌ಗೇ ಚುಚ್ಚಿದೆ. ಇಡೀ ಮನೆಯ ನೆಟ್ ಸ್ತಬ್ಧ! ಒಂದೇ ಕೇಬಲ್‌ನ ಎರಡೂ ತುದಿ ಒಂದೇ ಸ್ವಿಚ್‌ಗೆ ಹೋದರೆ ಸುದ್ದಿ ಗಾಳಿಮಾತಿನ ಹಾಗೆ ಸುತ್ತಿ ಸುತ್ತಿ ಬೆಳೆದು ಎಲ್ಲರ ಬಾಯಿ ಕಟ್ಟುತ್ತೆ. ಆ ವೈರು ಕಿತ್ತ ಮೇಲೆ ಸರಿಹೋಯಿತು. ಅಂದಿನಿಂದ ಪ್ರತಿ ವೈರಿನ ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಿದ್ದೇನೆ, ಉಪ್ಪಿನಕಾಯಿ ಭರಣಿಗೆ ಅಂಟಿಸಿದ ಹಾಗೆ.

ಇವಿಷ್ಟು ನೆನಪಿರಲಿ

* ಗುಡುಗು ದೂರದಲ್ಲಿ ಕೇಳಿದೊಡನೆ ಪೆಟ್ಟಿಗೆ, ಸ್ವಿಚ್ ಎರಡರ ಪ್ಲಗ್ಗನ್ನೂ ಕಿತ್ತಿಡಿ. ಬಟನ್ ಆರಿಸಿದರೆ ಸಾಲದು.

* ಕೊಟ್ಟಿಗೆಗೋ ಪಕ್ಕದ ಮನೆಗೋ ಬಯಲಲ್ಲಿ ತಾಮ್ರದ ಕೇಬಲ್ ಎಳೆಯಬೇಡಿ. ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಅಲ್ಲಿಗೆ ಫೈಬರ್ರೇ ಸರಿ. ಅದು ಗಾಜಿನ ಎಳೆ, ಕರೆಂಟು ಹರಿಯದು.

* ಹೊರಗಿನಿಂದ ಬರುವ ತೆಳ್ಳನೆ ಫೈಬರ್ ಎಳೆಯನ್ನು ಮಡಚಬೇಡಿ, ಕೀಳಬೇಡಿ, ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ.

* ಕರೆಂಟು ಹೋದಾಗ ನೆಟ್ ಬೇಕೆಂದರೆ ರೂಟರಿಗೆ ಪುಟ್ಟ ಯುಪಿಎಸ್ ಸಿಗುತ್ತೆ. ನಿಮ್ಮ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದೆಯೋ 9 ಅಂತಿದೆಯೋ ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ. ಮೇಲಿನ ಸ್ವಿಚ್‌ಗೂ ಬ್ಯಾಕಪ್ ಬೇಕು, ಮರೆಯಬೇಡಿ.

* ರೂಟರ್ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. ವೈ-ಫೈಯದು ಬೇರೆ, ಸೆಟ್ಟಿಂಗ್ ತೆರೆಯುವುದು ಬೇರೆ. ಎರಡನ್ನೂ ಗ್ಯಾಸ್ ಬುಕ್ಕಿಂಗ್ ನಂಬರ್ ಬರೆದಿಡುವ ಪುಸ್ತಕದಲ್ಲೇ ಬರೆದಿಡಿ. ನೆಟ್ ಕೆಟ್ಟಾಗ ಮನೆಯಲ್ಲಿರೋದು ಹೆಚ್ಚಾಗಿ ನಾವೇ ತಾನೆ?

ಎಲ್ಲ ಸೇರಿ ನನಗೆ ಖರ್ಚಾದದ್ದು ಎರಡೂವರೆ ಸಾವಿರದ ಒಳಗೆ. ಪ್ಲಾನನ್ನು ಮತ್ತೆ 50ಕ್ಕೇ ಇಳಿಸಿದೆವು. ಚಿತ್ರ ಸ್ಪಷ್ಟವಾಗಿ ಕಾಣುವ ವಿಡಿಯೊ ಕರೆಗೂ ಬೇಕಾದದ್ದು ನಾಲ್ಕು ಎಂಬಿಪಿಎಸ್ ಆಸುಪಾಸು ಅಷ್ಟೆ. ಅದು ತಡೆಯಿಲ್ಲದೆ ಬರಬೇಕು, ಅದೇ ಮುಖ್ಯ.

ತಿಂಗಳು ಕಳೆಯಿತು. ಆಫೀಸಿಗೆ ಬನ್ನಿ ಎಂಬ ಮಾತು ಮತ್ತೆ ಬರಲಿಲ್ಲ. ಆಮೇಲೆಯೇ ಅತ್ತೆಯವರಿಗೆ ನಡೆದದ್ದೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲ ಮೇಲಿನ ವೈರನ್ನೇ ನೋಡುತ್ತಾ, “ಅದಕ್ಕೆ ಇಲಿ ಬಾರದ ಹಾಗೆ ನೋಡಿಕೊ ಮಗಾ” ಅಂದರು.

ಈಗ ನಮ್ಮನೆಯಲ್ಲಿ ಒಗ್ಗರಣೆ ಸೀಯೋದಿಲ್ಲ!